ಬಾಗಿಲ ಹೊರಗೆ ಕೂತವರ ಪ್ರಶ್ನೆಗಳು

(ಮಾನಸಿಕ ಕಾಯಿಲೆ ಇರುವವರ ಮನೆಯವರಿಗಾಗಿ ಮೈಸೂರಿನಲ್ಲಿ ನಡೆದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಮಾತ್ರೆ ಬರೆದುಕೊಡುವವಳಲ್ಲ. ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿದವಳು. ಡಾಕ್ಟರು ಒಳಗೆ ರೋಗಿಯ ಜೊತೆ ಮಾತಾಡುವಾಗ ಹೊರಗೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಫೈಲು ಹಿಡಿದು ಕೂತಿರುತ್ತಾರಲ್ಲ, ಅವರ ಜೊತೆ ಮಾತಾಡುವುದು ನನ್ನ ಕೆಲಸ. ನಿಮ್ಮಲ್ಲಿ ಬಹಳ ಜನ ಆ ಬೆಂಚಿನ ಮೇಲೆ ಕೂತವರೇ.

ಈಚೆಗೆ ಅಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. “ಮೇಡಂ, ಅಮೆರಿಕಾದಲ್ಲಿ ಅದೇನೋ ಅಣಬೆ ಚಿಕಿತ್ಸೆ ಬಂದಿದೆಯಂತೆ. ಒಂದೇ ಸಲಕ್ಕೆ ಡಿಪ್ರೆಶನ್ ಹೋಗುತ್ತಂತೆ, ಹೌದಾ?” ಕೇಳುವವರು ಸಾಮಾನ್ಯವಾಗಿ ರೋಗಿಯೇ. ಪಕ್ಕದಲ್ಲಿ ಕೂತ ಅಪ್ಪನೋ, ಹೆಂಡತಿಯೋ ತಕ್ಷಣ, “ಅದೆಲ್ಲ ಡ್ರಗ್ಸು, ಸುಮ್ನಿರು” ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಇಬ್ಬರ ಬಗ್ಗೆ. ಔಷಧಿಯ ಬಗ್ಗೆ ಎಷ್ಟು ಬೇಕೋ ಅಷ್ಟೇ.

ಈ ಅಣಬೆ ಔಷಧಿ ಸೈಕೆಡೆಲಿಕ್ ಅನ್ನುವ ಗುಂಪಿನದು, ಅಂದರೆ ಕಾಣುವುದು, ಅನ್ನಿಸುವುದು ಎಲ್ಲವನ್ನೂ ಕೆಲವು ಹೊತ್ತು ಬದಲಿಸಿಬಿಡುವಂಥದ್ದು. ಸೈಕೆಡೆಲಿಕ್ ಅಂದಾಗ ಮೂರ್ನಾಲ್ಕು ಹೆಸರು ಬರುತ್ತವೆ. ಎಲ್‌ಎಸ್‌ಡಿಯನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದರು. ಅದು ತಲೆಗೆ ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಾಗಿದ್ದು ಐದು ವರ್ಷ ಆದ ಮೇಲೆ, ತಮ್ಮ ಮೈಗೇ ಹೊಕ್ಕಾಗ. ಸಿಲೋಸಿಬಿನ್ ಕೆಲವು ಜಾತಿಯ ಅಣಬೆಗಳಲ್ಲಿರುತ್ತದೆ. (ಅಣಬೆ ಅಂದ ಕೂಡಲೇ ಮಳೆಗಾಲದ ಸಾರು ನೆನಪಾಗುವ ಮಲೆನಾಡಿನವರು ಇಲ್ಲಿದ್ದೀರಿ. ಅದಲ್ಲ ಇದು.) ಎಂಡಿಎಂಎ ಅಂತ ಇನ್ನೊಂದು. ಪಾರ್ಟಿಗಳಲ್ಲಿ ಸಿಕ್ಕಿಬಿದ್ದರು ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅದೇ. ಯುದ್ಧ, ಅತ್ಯಾಚಾರ, ಅಪಘಾತದಂಥ ಆಘಾತದಿಂದ ಬರುವ ಪಿಟಿಎಸ್‌ಡಿಗೆ ಇದನ್ನು ಪ್ರಯೋಗಿಸಿದ್ದಾರೆ. ಕೆಟಮಿನ್ ಇವುಗಳ ದೂರದ ನೆಂಟ, ಆಪರೇಷನ್ನಿಗೆ ಮುಂಚೆ ಪ್ರಜ್ಞೆ ತಪ್ಪಿಸಲು ಬಳಸುವ ಔಷಧಿ.

ಪ್ರಯೋಗಗಳಲ್ಲಿ ಸಿಲೋಸಿಬಿನ್ ಕೊಡುವ ರೀತಿಗೂ ನಮ್ಮ ಓಪಿಡಿಗೂ ಸಂಬಂಧವೇ ಇಲ್ಲ. ಮೊದಲು ಬೇರೆ ಬೇರೆ ದಿನ ಕೂರಿಸಿ ಮಾತಾಡುತ್ತಾರೆ. ಆಮೇಲೆ ಒಂದು ಬೆಳಗ್ಗೆ ಮಂದ ಬೆಳಕಿನ ಕೋಣೆಗೆ ಕರೆದು, ಮಂಚದ ಮೇಲೆ ಮಲಗಿಸಿ, ಕ್ಯಾಪ್ಸೂಲ್ ನುಂಗಿಸುತ್ತಾರೆ. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಪಕ್ಕದಲ್ಲಿ ಸಾಮಾನ್ಯವಾಗಿ ಇಬ್ಬರು ಚಿಕಿತ್ಸಕರು. ಆರು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಮಲಗಿದವರು ಅಳಬಹುದು, ನಗಬಹುದು, ಸತ್ತೇಹೋಗುತ್ತೇನೆ ಅಂತ ಹೆದರಬಹುದು. ತೀರಿಕೊಂಡ ಅಪ್ಪ ಬಂದು ಪಕ್ಕದಲ್ಲಿ ಕೂತ ಹಾಗೆ ಅನ್ನಿಸಬಹುದು. ಸಂಜೆ ಅಮಲು ಇಳಿದ ಮೇಲೆ ಮನೆಗೆ. ಮುಂದಿನ ದಿನಗಳಲ್ಲಿ, ಕಂಡದ್ದು ಏನು, ಅದನ್ನು ಬದುಕಿಗೆ ಹೇಗೆ ಹೊಂದಿಸಿಕೊಳ್ಳುವುದು ಅಂತ ಮತ್ತೆ ಮಾತುಕತೆ.

ಇಷ್ಟರಲ್ಲಿ ಮನೆಯವರು ಎಲ್ಲಿ ಬರುತ್ತಾರೆ? ಎರಡು ಕಡೆ. ಸೇರಿಸಿಕೊಳ್ಳುವಾಗ “ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಕಿಝೋಫ್ರೇನಿಯಾ, ಬೈಪೋಲಾರ್ ಇದೆಯಾ?” ಅನ್ನುವ ಪ್ರಶ್ನೆಯಲ್ಲಿ. (ಮೊದಲನೆಯದು ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಂಬಿಸುವ ಕಾಯಿಲೆ. ಎರಡನೆಯದು ಮನಸ್ಸು ವಿಪರೀತ ಉತ್ಸಾಹಕ್ಕೂ ಖಿನ್ನತೆಗೂ ಓಲಾಡುವ ಕಾಯಿಲೆ.) ಆಮೇಲೆ ಸಂಜೆ ಕರಕೊಂಡು ಹೋಗಲು ಗೇಟಿನ ಹತ್ತಿರ. ನಡುವೆ ಅವರಿಗೆ ಕೆಲಸವಿಲ್ಲ.

ರೋಗಿಗಳಿಂದ ಶುರು ಮಾಡೋಣ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಮನೋವೈದ್ಯಕೀಯ ಸೇವೆ ಪಡೆಯುತ್ತಿದ್ದ 99 ಜನರನ್ನು ಕೇಳಿ ಒಂದು ಸಮೀಕ್ಷೆ ಮಾಡಿದ್ದರು. ಸಿಲೋಸಿಬಿನ್ ಬಗ್ಗೆ ಇನ್ನಷ್ಟು ಸಂಶೋಧನೆ ಆಗಲಿ ಅಂದವರು ಶೇ. 72. ಡಾಕ್ಟರ್ ಹೇಳಿದರೆ ತಗೋತೇವೆ ಅಂದವರು ಶೇ. 55. ಬೇಡವೇ ಬೇಡ ಅಂದವರು ಶೇ. 20. ಕಡಿಮೆ ವಯಸ್ಸಿನವರು, ಹಿಂದೆ ಶೋಕಿಗೆ ಅಣಬೆ ತಿಂದವರು, ಧರ್ಮದ ಕಡೆ ಅಷ್ಟು ಒಲವಿಲ್ಲದವರು ಜಾಸ್ತಿ ಒಪ್ಪಿದರು. ಇದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು “ಡಾಕ್ಟರ್ ಹೇಳಿದರೆ” ಅನ್ನುವ ಮಾತು. ಜನ ಅಣಬೆಯನ್ನು ನಂಬಿ ಹೂಂ ಅನ್ನುತ್ತಿಲ್ಲ. ತಮ್ಮ ಡಾಕ್ಟರನ್ನು ನಂಬಿ ಅನ್ನುತ್ತಿದ್ದಾರೆ. ಅವರ ಮನೆಯವರನ್ನು ಈ ಸಮೀಕ್ಷೆ ಕೇಳಲಿಲ್ಲ.

ರೋಗಿ ಯಾಕೆ ಇಷ್ಟು ಆಸೆ ಇಟ್ಟುಕೊಳ್ಳುತ್ತಾರೆ ಅನ್ನುವುದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಾತ್ರೆ ಆರು ವಾರ, ಅದು ಹಿಡಿಸಲಿಲ್ಲ ಅಂತ ಇನ್ನೊಂದು ಆರು ವಾರ. ಮೈ ದಪ್ಪ ಆಯಿತು, ಬಾಯಿ ಒಣಗಿತು, ಗಂಡ-ಹೆಂಡತಿ ಸಂಬಂಧ ಹಾಳಾಯಿತು. ದುಃಖ ಕಮ್ಮಿ ಆಯಿತು, ಜೊತೆಗೆ ಸಂತೋಷವೂ ಹೋಯಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸಿಲೋಸಿಬಿನ್ ತಗೊಂಡ 20 ಜನ ಖಿನ್ನತೆಯ ರೋಗಿಗಳನ್ನು ಆರು ತಿಂಗಳ ನಂತರ ಮಾತಾಡಿಸಿದಾಗ ಹೆಚ್ಚುಕಮ್ಮಿ ಇದನ್ನೇ ಹೇಳಿದರು. ಹಳೆಯ ಔಷಧಿಗಳು ತಮ್ಮನ್ನು ಜನರಿಂದ, ತಮ್ಮಿಂದಲೇ ಇನ್ನೂ ದೂರ ಮಾಡಿದವು. ನೋವನ್ನು ತಪ್ಪಿಸಿಕೊಂಡು ಓಡಾಡುವುದನ್ನೇ ಕಲಿಸಿದವು. ಈ ಸಲ ನೋವನ್ನು ಎದುರಾಎದುರು ಕಂಡೆವು. ಮರಳಿ ಮನುಷ್ಯರ ಜೊತೆ ಸೇರಿದ ಹಾಗಾಯಿತು. ಇದನ್ನು ಓದಿದಾಗ ನನ್ನ ಬೆಂಚಿನವರೇ ಮಾತಾಡಿದಂತೆ ಅನ್ನಿಸಿತು.

ಆದರೆ ಲೆಕ್ಕವನ್ನೂ ನೋಡಬೇಕಲ್ವಾ? ಅದೇ ಲಂಡನ್ ತಂಡ 2016ರಲ್ಲಿ ಪ್ರಕಟಿಸಿದ ಮೊದಲ ಪ್ರಯೋಗದಲ್ಲಿ ಇದ್ದದ್ದು 12 ಜನ. ಒಂದು ವಾರಕ್ಕೆ ಖಿನ್ನತೆ ಪೂರ್ತಿ ಇಳಿದವರು 8. ಮೂರು ತಿಂಗಳಿಗೆ ಹಾಗೇ ಉಳಿದವರು 5. ಇವತ್ತು ಯೂಟ್ಯೂಬಿನಲ್ಲಿ ಓಡುವುದು 8ರ ಕಥೆ. ಮನೆಯವರ ಪಾಲಿಗೆ ಬರುವುದು 8ಕ್ಕೂ 5ಕ್ಕೂ ನಡುವಿನ ಮೂವರ ಕಥೆ. ವಾರಗಟ್ಟಲೆ ಎದ್ದು ಓಡಾಡಿದ ಮಗ ಮತ್ತೆ ಕೋಣೆ ಸೇರಿದಾಗ ಮೊದಲಿಗಿಂತ ಕೆಟ್ಟ ಕತ್ತಲೆ. “ಇದೂ ನನಗೆ ಆಗಿಬರಲಿಲ್ಲ” ಅನ್ನುವ ಕತ್ತಲೆ. 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 10 ದೇಶಗಳ 233 ಜನ ಇದ್ದರು. 25 ಮಿಲಿಗ್ರಾಂ ತಗೊಂಡವರಲ್ಲಿ ಮೂರನೇ ವಾರಕ್ಕೆ ಖಿನ್ನತೆ ಪೂರ್ತಿ ಇಳಿದದ್ದು ಶೇ. 29 ಜನಕ್ಕೆ. ಹೆಸರಿಗೆ ಮಾತ್ರ ಅನ್ನುವಂಥ 1 ಮಿಲಿಗ್ರಾಂ ತಗೊಂಡವರಲ್ಲಿ ಶೇ. 8. ವ್ಯತ್ಯಾಸ ನಿಜ, ಸಣ್ಣದಲ್ಲ. ಆದರೆ ಹತ್ತರಲ್ಲಿ ಏಳು ಜನಕ್ಕೆ ಪೂರ್ತಿ ಇಳಿಯಲಿಲ್ಲ ಅನ್ನುವುದೂ ಅಷ್ಟೇ ನಿಜ. ಆತ್ಮಹತ್ಯೆಯ ಯೋಚನೆ, ತಮಗೆ ತಾವೇ ಗಾಯ ಮಾಡಿಕೊಳ್ಳುವಂಥ ಪ್ರಸಂಗಗಳು ಎಲ್ಲ ಗುಂಪುಗಳಲ್ಲೂ ಕಂಡವು.

ಈಗ ಮನೆಯವರ ಕಡೆ ಬರುತ್ತೇನೆ. “ಮನೆಯವರಿಗೆ ತಿಳಿವಳಿಕೆ ಇಲ್ಲ, ಹಳೇ ಕಾಲದ ಭಯ” ಅಂತ ಕಾನ್ಫರೆನ್ಸುಗಳಲ್ಲಿ ಹೇಳುವುದುಂಟು. ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂತ ಒಂದು ಹಳೆಯ ಕಥೆ ಹೇಳುತ್ತೇನೆ.

1956ರಲ್ಲಿ ಕೆನಡಾದ ವ್ಯಾಲ್ ಆರ್ಲಿಕೋ ಅನ್ನುವ ಮಹಿಳೆ ಬಾಣಂತನದ ನಂತರದ ಖಿನ್ನತೆಗೆ ಮಾಂಟ್ರಿಯಲ್‌ನ ಆ್ಯಲನ್ ಮೆಮೋರಿಯಲ್ ಸಂಸ್ಥೆಗೆ ಹೋದರು. ಅದನ್ನು ನಡೆಸುತ್ತಿದ್ದ ಯುವನ್ ಕ್ಯಾಮರಾನ್ ಆಗ ಜಗತ್ತಿನಲ್ಲೇ ದೊಡ್ಡ ಹೆಸರಿನ ಮನೋವೈದ್ಯ. ಅಲ್ಲಿ ಆಕೆಗೆ ಮತ್ತೆ ಮತ್ತೆ ಎಲ್‌ಎಸ್‌ಡಿ ಚುಚ್ಚಿದರು. ಒಂದೇ ಧ್ವನಿಮುದ್ರಿಕೆಯನ್ನು ಗಂಟೆಗಟ್ಟಲೆ ಕೇಳಿಸಿದರು. ಅಲ್ಲಿನ ಪ್ರಯೋಗಗಳಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ದುಡ್ಡು ಕೊಡುತ್ತಿತ್ತು ಅನ್ನುವುದು ರೋಗಿಗಳಿಗೂ ಮನೆಯವರಿಗೂ ತಿಳಿದದ್ದು 1970ರ ದಶಕದಲ್ಲಿ. ಆಕೆಯ ಗಂಡ ಡೇವಿಡ್ ಆರ್ಲಿಕೋ 1962ರಲ್ಲಿ ಕೆನಡಾದ ಸಂಸದರಾದವರು. ಮುಂದೆ ಸಂಸತ್ತಿಗೆ ಹೋದವರ ಮನೆಯಲ್ಲೇ ಹೀಗಾದರೆ ಉಳಿದವರ ಗತಿ ಏನು? ಗಂಡ-ಹೆಂಡತಿ ವರ್ಷಗಟ್ಟಲೆ ಹೋರಾಡಿದರು. 1988ರಲ್ಲಿ ಸಿಐಎ ಒಂಬತ್ತು ಜನ ಫಿರ್ಯಾದಿಗಳಿಗೆ ಸೇರಿಸಿ 7,50,000 ಡಾಲರ್ ಕೊಟ್ಟು ಕೇಸು ಮುಗಿಸಿತು.

“ಒಳಗೆ ಏನು ಕೊಡುತ್ತಾರೋ ಯಾರಿಗೆ ಗೊತ್ತು” ಅಂತ ನಿಮ್ಮಲ್ಲಿ ಯಾರಾದರೂ ಗೊಣಗಿದರೆ ಅದು ಅಜ್ಞಾನ ಅಲ್ಲ. ಹಾಗೆ ಆಗಿದ್ದುಂಟು.

ಮನೆಯವರನ್ನು ಹೊರಗಿಡುವುದು ಇಂಥ ಚಿಕಿತ್ಸೆಯ ಹುಟ್ಟುಗುಣವೂ ಅಲ್ಲ. ಮೆಕ್ಸಿಕೋದ ಓಹಾಕಾ ಬೆಟ್ಟಗಳಲ್ಲಿ ಮಝಾಟೆಕ್ ಜನ ಅಣಬೆಯನ್ನು ಕಾಯಿಲೆಗೆ ಬಳಸುತ್ತಾ ಬಂದವರು. ರಾತ್ರಿ ಮನೆಯಲ್ಲೇ ದೇವರ ಚಿತ್ರ, ಮೇಣದ ಬತ್ತಿ ಇಟ್ಟು ಮಾಡುವ ಜಾಗರಣೆ ಅದು. ಕಾಯಿಲೆಯವರ ಜೊತೆ ಮನೆಯವರೂ ಕೂರುತ್ತಾರೆ. 1955ರಲ್ಲಿ ನ್ಯೂಯಾರ್ಕಿನ ಬ್ಯಾಂಕರ್ ಗಾರ್ಡನ್ ವಾಸನ್ ಅಲ್ಲಿಯ ಮರಿಯಾ ಸಬೀನಾ ಅನ್ನುವ ವೈದ್ಯೆಯ ಹತ್ತಿರ ಹೋಗಿ ಇದರಲ್ಲಿ ಕೂತ. ದೂರದಲ್ಲಿರುವ ಮಗನ ಯೋಗಕ್ಷೇಮ ತಿಳಿಯಬೇಕು ಅನ್ನುವುದು ಅವನು ಕೊಟ್ಟ ಕಾರಣ. ನೋಡಿ, ಆ ಬಾಗಿಲು ತೆರೆಯಲೂ ಮನೆಯವರ ಹೆಸರೇ ಬೇಕಾಯಿತು. 1957ರಲ್ಲಿ ಅವನು ಲೈಫ್ ಪತ್ರಿಕೆಯಲ್ಲಿ ಬರೆದ. ಆಮೇಲೆ ವಿದೇಶಿಯರು ಆ ಊರಿಗೆ ಮುಗಿಬಿದ್ದರು. ಊರವರು ಸಿಟ್ಟಾದರು. ಮರಿಯಾ ಸಬೀನಾಳ ಮನೆ ಸುಟ್ಟುಹೋಯಿತು. 1960ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡಿನ ಸ್ಪ್ರಿಂಗ್ ಗ್ರೋವ್ ಆಸ್ಪತ್ರೆಯವರು ಕ್ಯಾನ್ಸರ್ ರೋಗಿಗಳಿಗೆ ಎಲ್‌ಎಸ್‌ಡಿ ಕೊಟ್ಟಾಗಲೂ ಮನೆಯವರನ್ನು ಮೊದಲೇ ಕರೆದು ಮಾತಾಡಿಸುತ್ತಿದ್ದರು. ಸಂಜೆ ಅವರನ್ನು ಕೋಣೆಗೇ ಬಿಡುತ್ತಿದ್ದರು. ಸಾವಿನ ಮಾತೆತ್ತಲು ಹೆದರುತ್ತಿದ್ದ ಗಂಡ-ಹೆಂಡತಿ ಅವತ್ತು ಬಾಯಿಬಿಟ್ಟು ಮಾತಾಡಲಿ ಅನ್ನುವುದು ಉದ್ದೇಶ. ಈಗಿನ ಪ್ರಯೋಗಗಳಲ್ಲಿ ಇದು ಕಾಣುವುದು ಅಪರೂಪ.

ಮನೆಯವರು ಯಾವಾಗಲೂ ಬೇಡ ಅನ್ನುವವರೇ ಅಂತಲೂ ತಿಳಿಯಬೇಡಿ. ಅಮೆರಿಕದ ನೌಕಾಪಡೆಯ ಸೀಲ್ ಅನ್ನುವ ವಿಶೇಷ ತುಕಡಿಯಲ್ಲಿದ್ದ ಮಾರ್ಕಸ್ ಕಪೋನ್ ನಿವೃತ್ತರಾದ ಮೇಲೆ ಖಿನ್ನತೆ, ಕುಡಿತ, ಸಿಟ್ಟಿನಲ್ಲಿ ಮುಳುಗಿದ್ದರು. ಇಬೊಗೇನ್ ಅನ್ನುವ ಇನ್ನೊಂದು ಸೈಕೆಡೆಲಿಕ್ ಬಗ್ಗೆ ವಿಚಾರಿಸಿ ತಿಳಿದುಕೊಂಡದ್ದು ಅವರ ಹೆಂಡತಿ ಆ್ಯಂಬರ್. ಅಮೆರಿಕದಲ್ಲಿ ಅದಕ್ಕೆ ನಿಷೇಧ, ಹಾಗಾಗಿ 2017ರಲ್ಲಿ ಗಂಡನನ್ನು ಒಪ್ಪಿಸಿ ಮೆಕ್ಸಿಕೋಗೆ ಕಳಿಸಿದರು. ಅವರು ಚೇತರಿಸಿಕೊಂಡರು. 2019ರಲ್ಲಿ ಇಬ್ಬರೂ ಸೇರಿ ಬೇರೆ ಸೈನಿಕರಿಗಾಗಿ ಸಂಸ್ಥೆ ಕಟ್ಟಿದರು. 2024ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಹೀಗೆ ಮೆಕ್ಸಿಕೋಗೆ ಹೋಗಿಬಂದ 30 ಮಾಜಿ ಸೈನಿಕರ ಅಧ್ಯಯನ ಪ್ರಕಟಿಸಿದರು, ಫಲಿತಾಂಶ ಚೆನ್ನಾಗಿತ್ತು. 2025ರಲ್ಲಿ ಟೆಕ್ಸಸ್ ಸರ್ಕಾರ ಇಬೊಗೇನ್ ಸಂಶೋಧನೆಗೆ 5 ಕೋಟಿ ಡಾಲರ್ ಇಟ್ಟಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಬೊಗೇನ್ ಹೃದಯದ ಬಡಿತವನ್ನು ಕೆಡಿಸಬಲ್ಲದು, ಸಾವುಗಳಾಗಿವೆ. ಅದಕ್ಕೇ ಆ ಅಧ್ಯಯನದಲ್ಲಿ ಜೊತೆಗೆ ಮೆಗ್ನೀಷಿಯಂ ಕೊಟ್ಟಿದ್ದರು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಗಂಡ ಇವತ್ತೋ ನಾಳೆಯೋ ಗುಂಡು ಹೊಡಕೊಳ್ಳುತ್ತಾನೆ ಅಂತ ಹೆದರಿದ ಹೆಂಡತಿ ಇಷ್ಟೆಲ್ಲ ಲೆಕ್ಕ ಹಾಕುವುದಿಲ್ಲ. ಹಾಕಬೇಕು ಅಂತ ನಾವು ಹೇಳುವುದೂ ಸರಿಯಲ್ಲ. ಹಾಗಾಗಿ ಕುಟುಂಬದವರ ಮನೋಭಾವ ಅಂತ ಒಂದೇ ಒಂದು ಇಲ್ಲ. ಅವರು ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದಾರೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಈಗ ನಾನು ಇವತ್ತು ಹೇಳಲೇಬೇಕು ಅಂತ ಬಂದ ವಿಷಯ. 2024ರ ಜೂನ್ 4ರಂದು ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಂದು ಸಲಹಾ ಸಮಿತಿ ಕೂರಿಸಿತು. ಲೈಕೋಸ್ ಅನ್ನುವ ಕಂಪನಿ ಪಿಟಿಎಸ್‌ಡಿಗೆ ಎಂಡಿಎಂಎ ಚಿಕಿತ್ಸೆಗೆ ಅನುಮತಿ ಕೇಳಿತ್ತು. ಅದಕ್ಕೆ ಒಳ್ಳೆಯ ಅಂಕಿಗಳಿದ್ದವು. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಡಿಎಂಎ ತಗೊಂಡವರ ಪೈಕಿ ಶೇ. 71 ಜನರಲ್ಲಿ ಪಿಟಿಎಸ್‌ಡಿ ಅಂತ ಕರೆಯುವಷ್ಟು ಕಾಯಿಲೆ ಉಳಿದಿರಲಿಲ್ಲ. ಔಷಧಿಯೇ ಇಲ್ಲದ ಸುಳ್ಳು ಮಾತ್ರೆಯ ಗುಂಪಿನಲ್ಲಿ ಅದು ಶೇ. 48. ಸಾರ್ವಜನಿಕರಿಗೂ ಮಾತಾಡಲು ಅವಕಾಶವಿತ್ತು. ಇದರಿಂದ ಜೀವ ಉಳಿಯಿತು ಅಂದವರು ಬಂದರು. ದಯವಿಟ್ಟು ಹುಷಾರು ಅಂದವರೂ ಬಂದರು. ಕೊನೆಗೆ, ಔಷಧಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪುರಾವೆ ಸಾಲದು ಅಂತ ಸಮಿತಿ 9-2 ಮತಗಳಿಂದ ಹೇಳಿತು. ಅಪಾಯಕ್ಕಿಂತ ಲಾಭ ಜಾಸ್ತಿ ಅನ್ನುವುದನ್ನು 10-1ರಿಂದ ತಳ್ಳಿಹಾಕಿತು. ಆಗಸ್ಟ್‌ನಲ್ಲಿ ಎಫ್‌ಡಿಎ ಅನುಮತಿ ಕೊಡಲಿಲ್ಲ.

ಆ ಸಮಿತಿ ಏನೇನು ಕೇಳಿತು ಅಂತ ಓದುತ್ತಾ ಹೋದಾಗ ನನಗೆ ನಗು ಬಂತು. ಅವೆಲ್ಲ ನಮ್ಮ ತಾಯಂದಿರು ಕೇಳುವ ಪ್ರಶ್ನೆಗಳೇ.

“ನನ್ನ ಮಗಳು ಪ್ರಜ್ಞೆ ಸರಿಯಿಲ್ಲದೆ ಮಲಗಿದ್ದಾಗ ಪಕ್ಕದಲ್ಲಿ ಯಾರಿರುತ್ತಾರೆ?” ತಾಯಿ ಕೇಳುವ ಮೊದಲ ಪ್ರಶ್ನೆ ಇದು. ಕೆನಡಾದ ವ್ಯಾಂಕೂವರ್‌ನಲ್ಲಿ 2015ರಲ್ಲಿ ನಡೆದ ಎಂಡಿಎಂಎ ಪ್ರಯೋಗದಲ್ಲಿ ಚಿಕಿತ್ಸಕರು ಒಬ್ಬ ಗಂಡ-ಹೆಂಡತಿ ಜೋಡಿ. ಅವರು ರೋಗಿಯನ್ನು ಒತ್ತಿ ಹಿಡಿದದ್ದು, ಅಪ್ಪಿಕೊಂಡು ಮಲಗಿದ್ದು ವಿಡಿಯೊದಲ್ಲಿ ದಾಖಲಾಗಿತ್ತು. ಸಾರ್ವಜನಿಕರು ಅದನ್ನು ನೋಡಿದ್ದು ವರ್ಷಗಳ ನಂತರ. 2024ರ ಆಗಸ್ಟ್‌ನಲ್ಲಿ ಸೈಕೋಫಾರ್ಮಕಾಲಜಿ ಪತ್ರಿಕೆ ಆ ಪ್ರಯೋಗಗಳಿಗೆ ಸಂಬಂಧಿಸಿದ ಮೂರು ಪ್ರಬಂಧಗಳನ್ನು ಹಿಂದಕ್ಕೆ ತಗೊಂಡಿತು. ಎಂಡಿಎಂಎ ತಗೊಂಡವರಿಗೆ ಎದುರಿಗಿರುವವರ ಮೇಲೆ ವಿಪರೀತ ನಂಬಿಕೆ ಹುಟ್ಟುತ್ತದೆ. ಔಷಧಿಯ ಗುಣವೂ ಅದೇ, ಅಪಾಯವೂ ಅದೇ.

“ಆಸೆಪಟ್ಟು ಹೋಗಿದ್ದಾನಲ್ಲ, ಅದಕ್ಕೇ ಹುಷಾರಾದ ಅನ್ನಿಸಿರಬಹುದಾ?” ಇದನ್ನು ಕೇಳುವುದು ಸಾಮಾನ್ಯವಾಗಿ ಅಣ್ಣ-ತಮ್ಮಂದಿರು. ಸಮಿತಿಯ ದೊಡ್ಡ ತಲೆನೋವೂ ಇದೇ ಆಗಿತ್ತು. ಔಷಧಿ ಪ್ರಯೋಗದಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಸುಳ್ಳು ಮಾತ್ರೆ ಅಂತ ಗೊತ್ತಾಗಬಾರದು. ಇಲ್ಲಿ ಅದನ್ನು ಮುಚ್ಚಿಡುವುದು ಹೇಗೆ? ಎಂಡಿಎಂಎ ತಗೊಂಡ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ತಮಗೆ ಸಿಕ್ಕಿದ್ದೇನು ಅಂತ ಸರಿಯಾಗಿ ಊಹಿಸಿದ್ದರು. ಸಿಕ್ಕಿತು ಅಂತ ತಿಳಿದವನ ಉತ್ಸಾಹ, ಸಿಗಲಿಲ್ಲ ಅಂತ ತಿಳಿದವನ ನಿರಾಶೆ, ಎರಡೂ ಅಂಕಿಯೊಳಗೆ ಸೇರಿಕೊಳ್ಳುತ್ತವೆ. ಇನ್ನು “ಚಟ ಹತ್ತಿದರೆ?” ಅನ್ನುವುದು. ಔಷಧಿ ತಗೊಂಡಾಗ ಎಷ್ಟು ಖುಷಿ, ಎಷ್ಟು ಉನ್ಮಾದ ಆಯಿತು ಅನ್ನುವುದನ್ನು ಕಂಪನಿ ಸರಿಯಾಗಿ ಬರೆದಿಟ್ಟುಕೊಂಡಿರಲಿಲ್ಲ. ಚಟದ ಅಪಾಯ ಅಳೆಯಲು ಬೇಕಾದ ಮಾಹಿತಿಯೇ ಅದು.

ಅಂದರೆ ಹೊರಗೆ ಕೂತವರು ಮೊದಲ ದಿನವೇ ಕೇಳುವುದನ್ನು ಪರಿಣತರು ಕೋಟಿಗಟ್ಟಲೆ ದುಡ್ಡು ಖರ್ಚಾದ ಮೇಲೆ ಕೇಳಿದರು. ಮೊದಲೇ ಒಂದು ಹತ್ತು ಜನ ಅಪ್ಪ-ಅಮ್ಮಂದಿರನ್ನು ಕೂರಿಸಿಕೊಂಡು ಪ್ರಯೋಗದ ನಕ್ಷೆ ಹಾಕಿದ್ದರೆ ಅರ್ಧ ಸಮಸ್ಯೆ ಬರುತ್ತಿರಲಿಲ್ಲ. ಇದು ನನ್ನ ಅಭಿಪ್ರಾಯ. ಒಪ್ಪದ ಡಾಕ್ಟರುಗಳು ಇಲ್ಲೇ ಹಿಂದಿನ ಸಾಲಿನಲ್ಲಿದ್ದಾರೆ. (ನಗು)

ನಮ್ಮ ದೇಶಕ್ಕೆ ಬರೋಣ. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಎಲ್‌ಎಸ್‌ಡಿ, ಸಿಲೋಸಿಬಿನ್, ಎಂಡಿಎಂಎ ಮೂರೂ ಇವೆ. ಇಟ್ಟುಕೊಂಡರೆ ಜೈಲು. ಕೊಡೈಕೆನಾಲ್‌ಗೆ ಹೋಗಿ ಅಣಬೆ ತಿಂದು ಬಂದೆ ಅಂತ ಹೇಳುವ ಹುಡುಗರು ಮಾಡುವುದು ಚಿಕಿತ್ಸೆಯಲ್ಲ. ನಶೆಯ ಬಗ್ಗೆ ನಮ್ಮ ಜನರ ಧೋರಣೆಯೂ ವಿಚಿತ್ರ. ಯಾದಗಿರಿ ಕಡೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾ ಪ್ರಸಾದವಾಗುತ್ತದೆ ಅಂತ ಪೇಪರಿನಲ್ಲಿ ಬಂದಾಗ ಯಾರೂ ಗಾಬರಿಯಾಗಲಿಲ್ಲ. ಅದೇ ಮಗನ ಬ್ಯಾಗಿನಲ್ಲಿ ಸಿಕ್ಕರೆ ಮನೆಯೇ ಮುಳುಗಿತು. ಇದು ಬರೀ ಬೂಟಾಟಿಕೆ ಅಲ್ಲ. ಗಾಂಜಾ ಸೇದಿ ಬುದ್ಧಿ ಕಲಕಿ ವಾರ್ಡಿಗೆ ಬಂದ ಹುಡುಗರನ್ನು ನೋಡಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರ ಮುಂದೆ ಹೋಗಿ ನಶೆಯೇ ಔಷಧಿ ಅಂದರೆ ಅವರು ಹೇಗೆ ನಂಬಬೇಕು?

ಕೆಟಮಿನ್ ಮಾತ್ರ ಇಲ್ಲಿ ಕಾನೂನಿನೊಳಗಿದೆ. ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ ಕೆಲವು ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಸುಮಾರು 40 ನಿಮಿಷದ ಡ್ರಿಪ್. ಕೆಲವರಿಗೆ ಗಂಟೆಗಳಲ್ಲೇ ಹಗುರಾಗುತ್ತದೆ, ಹೆಚ್ಚಿನವರಿಗೆ ಒಂದು ಡೋಸಿನ ಗುಣ ವಾರ-ಹತ್ತು ದಿನದಲ್ಲಿ ಇಳಿಯುತ್ತದೆ. ಇದಕ್ಕೆ ಮನೆಯವರು ಬೇಗ ಒಪ್ಪುತ್ತಾರೆ. ಡ್ರಿಪ್ ಅಂದರೆ ನಮ್ಮ ಜನಕ್ಕೆ ಒಂಥರಾ ನಂಬಿಕೆ. ಅದೇ ಜನ ಇಸಿಟಿ ಅಂದರೆ, ಅಂದರೆ ಕರೆಂಟ್ ಕೊಡುವುದು ಅಂದರೆ, ಎದ್ದು ಹೋಗುತ್ತಾರೆ. ಇಸಿಟಿಗೆ ಇರುವಷ್ಟು ಪುರಾವೆ ಕೆಟಮಿನ್‌ಗೆ ಇನ್ನೂ ಇಲ್ಲ. ಈಗಿನ ಇಸಿಟಿ ಅರಿವಳಿಕೆ ಕೊಟ್ಟು ಮಾಡುವಂಥದ್ದು. ಹಾಗಲ್ಲದೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಆದರೂ ಹಳೇ ಸಿನಿಮಾಗಳಲ್ಲಿ ನೋಡಿದ್ದು ಮನಸ್ಸಿನಿಂದ ಹೋಗುವುದಿಲ್ಲ.

ನಮ್ಮಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ, ಅದರ ಬೆಲೆ ನಮಗೇ ಗೊತ್ತಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಟೆಂಟು ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಆಮೇಲೆ ವೆಲ್ಲೂರಿನಲ್ಲಿ, ನಮ್ಮ ನಿಮ್ಹಾನ್ಸ್‌ನಲ್ಲಿ ಇದೇ ದಾರಿ ಬೆಳೆಯಿತು. ಇವತ್ತಿಗೂ ವಾರ್ಡಿನಲ್ಲಿ ಅಮ್ಮಂದಿರು ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಾರೆ. ಮುಂದೊಂದು ದಿನ ಸಿಲೋಸಿಬಿನ್ ಇಲ್ಲಿಗೆ ಬಂದರೆ, ಲಂಡನ್ನಿನ ಕೋಣೆಯನ್ನು ಹಾಗೇ ತಂದು ಇಲ್ಲಿ ಇಡುವ ಅಗತ್ಯವಿಲ್ಲ.

ಈಗ ನಿಮಗೆ ಅಷ್ಟು ಇಷ್ಟವಾಗದ ಎರಡು ಮಾತು.

ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತಾ ಅಂತ ಕೇಳುತ್ತಾರೆ ಅಂದೆನಲ್ಲ. ಅಪ್ಪ-ಅಮ್ಮ, ಅಕ್ಕ-ತಮ್ಮ, ಮಕ್ಕಳಲ್ಲಿ ಯಾರಿಗಾದರೂ ಸ್ಕಿಝೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದರೆ ಬಹುತೇಕ ಪ್ರಯೋಗಗಳಲ್ಲಿ ಸೇರಿಸಿಕೊಳ್ಳುವುದಿಲ್ಲ. ಔಷಧಿ ಆ ಕಾಯಿಲೆಯನ್ನು ಕೆದಕಿ ಎಬ್ಬಿಸಬಹುದು ಅನ್ನುವ ಭಯ. ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ನಿಜವಾದ ಉತ್ತರ ಸಿಗುತ್ತದಾ? “ಅಣ್ಣ ಸನ್ಯಾಸಿಯಾಗಿ ಹೋದ.” “ಅಮ್ಮನಿಗೆ ಆಗಾಗ ಮೈಮೇಲೆ ಬರುತ್ತಿತ್ತು, ಅಷ್ಟೇ.” “ಅಪ್ಪನಿಗೆ ಯಾರೋ ಮಾಟ ಮಾಡಿಸಿದ್ದರು.” ಹೆಣ್ಣುಮಕ್ಕಳ ಮದುವೆ ಆಗಬೇಕು ಅಂತ ಮುಚ್ಚಿಟ್ಟದ್ದು ಎರಡು ತಲೆಮಾರು ಮುಚ್ಚಿಯೇ ಉಳಿಯುತ್ತದೆ. ಮಗಳಿಗೇ ಗೊತ್ತಿರುವುದಿಲ್ಲ. ಅವಳು ಫಾರಂನಲ್ಲಿ “ಇಲ್ಲ” ಅಂತ ಗುರುತು ಹಾಕುತ್ತಾಳೆ. ಅವಳು ಸುಳ್ಳು ಹೇಳಲಿಲ್ಲ. ಹೇಳಿದವರು ನಾವು. ಮಾಮೂಲಿ ಮಾತ್ರೆಗೂ ಈ ಮಾಹಿತಿ ಮುಖ್ಯವೇ. ಆದರೆ ಇಲ್ಲಿ ಅದೊಂದು “ಇಲ್ಲ” ಅಪಾಯದ ಬಾಗಿಲು ತೆಗೆಯಬಹುದು.

ಎರಡನೆಯದು, ತೀರ್ಮಾನ ಯಾರದ್ದು ಅನ್ನುವುದು. ತಿಳಿವಳಿಕೆಯಿಂದ ತೀರ್ಮಾನ ಮಾಡಬಲ್ಲ ವಯಸ್ಕ ರೋಗಿಯ ಒಪ್ಪಿಗೆ ಅವರದ್ದೇ. 2017ರ ಕಾಯ್ದೆಯ ಪ್ರಕಾರ, ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡಬಹುದು. ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಹೆಸರಿಸಬಹುದು. ಅದು ಗಂಡನೇ ಆಗಬೇಕಿಲ್ಲ, ಗೆಳತಿಯೂ ಆಗಬಹುದು. ಮನೆಯವರನ್ನು ಕೋಣೆಗೆ ಬಿಡಬೇಕು ಅಂತ ಇಷ್ಟು ಹೊತ್ತು ವಾದಿಸಿದವಳು ನಾನು. ಆದರೆ ಗಾಯ ಮಾಡಿದವರೇ ಮನೆಯವರಾಗಿದ್ದರೆ? ಪಿಟಿಎಸ್‌ಡಿ ಇರುವ ಎಷ್ಟೋ ಹೆಂಗಸರ ವಿಷಯದಲ್ಲಿ ಹಾಗೇ ಇರುತ್ತದೆ. ಅಂಥವರಿಗೆ ಮನೆಯವರು ಗೇಟಿನ ಆಚೆಯೇ ಇರುವುದು ಒಳ್ಳೆಯದು. ಯಾರು ಒಳಗೆ ಬರಬೇಕು ಅಂತ ರೋಗಿಯನ್ನು ಒಬ್ಬರನ್ನೇ ಕೂರಿಸಿ ಕೇಳಬೇಕು, ಎಲ್ಲರ ಎದುರಿಗಲ್ಲ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

(ಒಬ್ಬ ವಿದ್ಯಾರ್ಥಿ, ಮೈಕ್ರೋಡೋಸಿಂಗ್ ಬಗ್ಗೆ: ಅಮಲೇ ಏರದಷ್ಟು ಸಣ್ಣ ಪ್ರಮಾಣದಲ್ಲಿ ತಗೊಂಡರೂ ಮನಸ್ಸು ಹಗುರಾಗುತ್ತಂತಲ್ಲ?)

ಇಂಪೀರಿಯಲ್ ಕಾಲೇಜಿನವರೇ 2021ರಲ್ಲಿ 191 ಜನರ ಅಧ್ಯಯನ ಪ್ರಕಟಿಸಿದ್ದಾರೆ. ಆ ಜನ ಮನೆಯಲ್ಲೇ ಖಾಲಿ ಕ್ಯಾಪ್ಸೂಲ್, ತುಂಬಿದ ಕ್ಯಾಪ್ಸೂಲ್ ಎರಡನ್ನೂ ತಾವೇ ಬೆರೆಸಿ, ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ತಗೊಂಡರು. ಖಾಲಿ ತಗೊಂಡವರೂ ಹೆಚ್ಚುಕಮ್ಮಿ ಅಷ್ಟೇ ಸುಧಾರಿಸಿದರು. ಇಲ್ಲಿ ತಗೊಂಡರೆ ಕಾನೂನಿನ ತಾಪತ್ರಯ ಬೇರೆ. ಬೇಡ.

(ಒಬ್ಬ ಮಹಿಳೆ: ನಮ್ಮ ಯಜಮಾನರಿಗೆ ಕೆಟಮಿನ್ ಹೇಳಿದ್ದಾರೆ. ಆ ಇಂಗ್ಲಿಷ್ ಸೀರಿಯಲ್ ನಟ ಅದರಿಂದಲೇ ಸತ್ತರಂತೆ. ಮಗ ಮೊಬೈಲಿನಲ್ಲಿ ತೋರಿಸಿ ಹೆದರಿಸಿದ್ದಾನೆ.)

ಮ್ಯಾಥ್ಯೂ ಪೆರಿ, 2023ರ ಅಕ್ಟೋಬರ್. ಹೌದು, ಸಾವಿಗೆ ಕೆಟಮಿನ್ ಕಾರಣ. ಆದರೆ ಚಿಕಿತ್ಸೆಗೆ ಡ್ರಿಪ್‌ನಲ್ಲಿ ತಗೊಂಡಿದ್ದು ಅದಕ್ಕೆ ಒಂದೂವರೆ ವಾರ ಮುಂಚೆ. ಸಾಯುವಾಗ ಮೈಯಲ್ಲಿದ್ದದ್ದು ಬೇರೆ ಕಡೆಯಿಂದ ಅಕ್ರಮವಾಗಿ ತರಿಸಿ ಮನೆಯಲ್ಲೇ ಚುಚ್ಚಿಸಿಕೊಂಡದ್ದು, ಅದೂ ಬಹಳ ಜಾಸ್ತಿ. ಆ ಕೇಸಿನಲ್ಲಿ ಐದು ಜನರ ಮೇಲೆ ಆರೋಪ ಹೊರಿಸಿದರು. ಆಸ್ಪತ್ರೆಯಲ್ಲಿ ಬಿಪಿ ನೋಡುತ್ತಾ, ಪಕ್ಕದಲ್ಲಿ ಸಿಬ್ಬಂದಿ ಇದ್ದು ಕೊಡುವುದು ಬೇರೆ. ನೀವು ಡಾಕ್ಟರನ್ನು ಕೇಳಬೇಕಾದದ್ದು ಇಷ್ಟು ತಾಯಿ: ಎಷ್ಟು ಸಲ ಕೊಡುತ್ತೀರಿ, ಒಟ್ಟು ಖರ್ಚು ಎಷ್ಟು, ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ. ಅವರಿಗೆ ಹಿಂದೆ ಕುಡಿತದ ಚಟ ಇದ್ದರೆ ಮುಚ್ಚಿಡದೆ ಹೇಳಿ.

(ನಿವೃತ್ತ ಮೇಷ್ಟ್ರು ಒಬ್ಬರು: ನಮ್ಮ ಮಗಳು ಮೆಲ್ಬರ್ನಿನಲ್ಲಿದ್ದಾಳೆ. ಹತ್ತು ವರ್ಷದಿಂದ ಡಿಪ್ರೆಶನ್. ಅಲ್ಲಿ ಇದು ಕಾನೂನುಬದ್ಧ ಅಂತಾಳೆ. ನಾವು ಏನು ಹೇಳಬೇಕು?)

ಅವಳು ಹೇಳಿದ್ದು ನಿಜ, ಸರ್. 2023ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸಿಲೋಸಿಬಿನ್, ಪಿಟಿಎಸ್‌ಡಿಗೆ ಎಂಡಿಎಂಎ ಬರೆದುಕೊಡಬಹುದು. ಹೀಗೆ ಮಾಡಿದ ಮೊದಲ ದೇಶ ಅದು. ಆದರೆ ಎಲ್ಲ ಡಾಕ್ಟರೂ ಬರೆಯುವ ಹಾಗಿಲ್ಲ. ಅದಕ್ಕೆಂದೇ ಅಧಿಕಾರ ಪಡೆದ ಮನೋವೈದ್ಯರು ಮಾತ್ರ. ಪೂರ್ತಿ ಚಿಕಿತ್ಸೆಗೆ 25,000 ಆಸ್ಟ್ರೇಲಿಯನ್ ಡಾಲರ್ ಆಸುಪಾಸು ಆಗಬಹುದು ಅಂತ ಶುರುವಿನಲ್ಲಿ ಅಲ್ಲಿಯ ಪತ್ರಿಕೆಗಳು ಅಂದಾಜು ಕೊಟ್ಟಿದ್ದವು. ಅವಳ ವಿಮೆ ಎಷ್ಟು ಕೊಡುತ್ತದೆ ಅಂತ ಮೊದಲು ಕೇಳಲಿ.

“ಬೇಡ” ಅಂತ ಫೋನಿನಲ್ಲಿ ಹೇಳಬೇಡಿ. ಅವಳು ಮಾಡುವುದಿದ್ದರೆ ಮಾಡುತ್ತಾಳೆ, ನಿಮಗೆ ಹೇಳುವುದಿಲ್ಲ ಅಷ್ಟೇ. ಈಗ ಯಾವ ಮಾತ್ರೆ ತಗೋತಿದ್ದಾಳೆ ಕೇಳಿ. ಲಿಥಿಯಂ ಇದ್ದರೆ ಸಿಲೋಸಿಬಿನ್ ಜೊತೆ ಫಿಟ್ಸ್ ಬರಬಹುದು. ಖಿನ್ನತೆಯ ಕೆಲವು ಮಾತ್ರೆಗಳನ್ನು ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಅದನ್ನು ಡಾಕ್ಟರ ಕಣ್ಣೆದುರೇ ನಿಧಾನವಾಗಿ ಇಳಿಸಬೇಕು, ಅವಳೇ ಒಂದು ದಿನ ಬಿಟ್ಟುಬಿಡುವುದಲ್ಲ. ನಿಮ್ಮ ಮನೆಯಲ್ಲಿ, ಮೇಡಂ ಅವರ ತವರಿನಲ್ಲಿ ಯಾರಿಗೆ ಏನಿತ್ತು ಅಂತ ಗಂಡ-ಹೆಂಡತಿ ಕೂತು ನೆನಪು ಮಾಡಿಕೊಂಡು, ಒಂದು ಹಾಳೆಯಲ್ಲಿ ಬರೆದು ಅವಳಿಗೆ ಕಳಿಸಿ. ಇನ್ನು, ಅವತ್ತು ಸಂಜೆ ಅವಳನ್ನು ಕರಕೊಂಡು ಬರಲು, ಮುಂದಿನ ವಾರ ಜೊತೆಗಿರಲು ಅಲ್ಲಿ ಯಾರಿದ್ದಾರೆ ಕೇಳಿ. ಅಳಿಯಂದಿರು ಇದ್ದರೆ, ಅವಳು ಒಪ್ಪಿದರೆ, ಮೊದಲ ಮಾತುಕತೆಗೇ ಅವರೂ ಹೋಗಲಿ. ಯಾರೂ ಇಲ್ಲದಿದ್ದರೆ ನೀವಿಬ್ಬರೂ ವೀಸಾ ಮಾಡಿಸಿಕೊಂಡು ಅಲ್ಲಿ ಇರುವ ತಿಂಗಳಿಗೇ ದಿನ ಗೊತ್ತು ಮಾಡಿಕೊಳ್ಳಲು ಹೇಳಿ.